ಸರ್ಕಾರಿ ರೇಟು ನಿಮ್ಮ ಪ್ಲಾಟಿಗೆ ಜಾಸ್ತಿಯಾಯಿತೇ? ತಕರಾರು ಹಾಕುವ ದಾರಿ ಇದೆ

ನಮ್ಮ ಕಾಕಾನ ಮಗ, ನನಗೆ ತಮ್ಮ ಆಗಬೇಕು, ದೀಪಾವಳಿ ಮುಗಿದ ಮೇಲೆ ಹುಬ್ಬಳ್ಳಿಯಲ್ಲಿ ಒಂದು ಪ್ಲಾಟು ಹಿಡಿದ. 30-40ರದ್ದು, 17 ಲಕ್ಷಕ್ಕೆ. ಕಡಿಮೆಗೆ ಸಿಕ್ಕಿದ್ದಕ್ಕೆ ಕಾರಣ ಇತ್ತು. ಓಣಿಯ ಕೊನೆಯ ಪ್ಲಾಟು ಅದು, ಬೆನ್ನಿಗೆ ನಾಲಾ, ಮುಂದಿನ ರಸ್ತೆ ಟೇಪು ಹಿಡಿದು ಅಳೆದರೆ 11 ಅಡಿ 8 ಇಂಚು. ಕಾರು ಒಳಗೆ ಹೋದರೆ ರಿವರ್ಸಿನಲ್ಲೇ ಹೊರಗೆ ಬರಬೇಕು. ಆದರೆ ಸರ್ಕಾರಿ ಪಟ್ಟಿಯಲ್ಲಿ ಓಣಿಗೆ ಬೇರೆ ದರ ಇಲ್ಲ, ಇಡೀ ಬಡಾವಣೆಗೆ ಒಂದೇ ದರ. ಆ ಲೆಕ್ಕದಲ್ಲಿ ಪ್ಲಾಟಿನ ಬೆಲೆ 24 ಲಕ್ಷ ಆಯಿತು, ಸ್ಟ್ಯಾಂಪ್ ಡ್ಯೂಟಿ, ನೋಂದಣಿ ಶುಲ್ಕ ಎರಡೂ ಅದರ ಮೇಲೆಯೇ. ಬಾಂಡ್ ರೈಟರ್ ನಕ್ಕು, "ಏನ್ ಮಾಡೋದ್ರಿ, ಎಲ್ಲಾರೂ ತುಂಬತಾರ, ನೀವೂ ತುಂಬ್ರಿ" ಅಂದ.

ಎಲ್ಲರೂ ತುಂಬುತ್ತಾರೆ, ನಿಜ. ಆದರೆ ತುಂಬಲೇಬೇಕು ಅಂತ ಕಾನೂನು ಹೇಳುವುದಿಲ್ಲ. ಈ ಸರ್ಕಾರಿ ದರಕ್ಕೆ ಗೈಡೆನ್ಸ್ ವ್ಯಾಲ್ಯೂ, ಅಂದರೆ ಮಾರ್ಗಸೂಚಿ ದರ ಅನ್ನುತ್ತಾರೆ. ಅದು ಅಧಿಕಾರಿ ಲೆಕ್ಕ ಶುರು ಮಾಡುವ ಅಂಕಿ, ಅಷ್ಟೇ. ನಿಮ್ಮ ಆಸ್ತಿಯ ಬೆಲೆ ಅದಕ್ಕಿಂತ ಕಡಿಮೆ ಅಂತ ತೋರಿಸುವ ಅವಕಾಶ 1957ರ ಕರ್ನಾಟಕ ಸ್ಟ್ಯಾಂಪ್ ಕಾಯ್ದೆಯಲ್ಲೇ ಇದೆ. ಕಲಂ 45-ಎ.

ಮೊದಲು ಒಂದು ಮಾತು. ಈ ದಾರಿ ಇರುವುದು ನಿಜವಾಗಿಯೂ ಕಡಿಮೆ ಬೆಲೆಗೆ ಕೊಂಡವರಿಗೆ. 24 ಲಕ್ಷಕ್ಕೆ ಮಾತಾಡಿ, 17 ಚೆಕ್ಕಿನಲ್ಲಿ, 7 ಕೈಯಲ್ಲಿ ಕೊಟ್ಟಿದ್ದರೆ ಸುಮ್ನೆ ಸರ್ಕಾರಿ ದರಕ್ಕೇ ತುಂಬಿ ಮನೆಗೆ ಹೋಗಿ. ವಿಚಾರಣೆಯಲ್ಲಿ ಅವರು ಮೊದಲು ಹುಡುಕುವುದೇ ಅದನ್ನು.

ಜಗಳಕ್ಕೆ ಇಳಿಯುವ ಮೊದಲು ಲೆಕ್ಕ ಹಾಕಿ

ಶಹರದಲ್ಲಿ ಈಗ ಸ್ಟ್ಯಾಂಪ್ ಡ್ಯೂಟಿ 5%, ಅದರ ಮೇಲೆ ಸೆಸ್ಸು ಸರ್‌ಚಾರ್ಜು ಸೇರಿ 5.6%. ನೋಂದಣಿ ಶುಲ್ಕ 1% ಇದ್ದದ್ದು 2025ರ ಆಗಸ್ಟ್ 31ರಿಂದ 2% ಆಗಿದೆ. ಒಟ್ಟು 7.6%. ಖರೀದಿ ಬೆಲೆ, ಸರ್ಕಾರಿ ಬೆಲೆ ಎರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ ಕಟ್ಟಬೇಕು. ತಮ್ಮನ ಪ್ಲಾಟಿನಲ್ಲಿ ವ್ಯತ್ಯಾಸ 7 ಲಕ್ಷ, ಅದಕ್ಕೆ 53,200 ರೂಪಾಯಿ ಜಾಸ್ತಿ. ಇಷ್ಟಕ್ಕಾಗಿ ತಿಂಗಳುಗಟ್ಟಲೆ ಓಡಾಡಬೇಕಾ ಅಂತ ಅವನೂ ಕೇಳಿದ. ನಾನೂ ಬೇಡ ಅಂತಲೇ ಹೇಳುತ್ತಿದ್ದೆ. ಸಿಎ ಹತ್ತಿರ ಹೋದ ಮೇಲೆ ಗೊತ್ತಾಯಿತು, ನಿಜವಾದ ಪೆಟ್ಟು ಬೀಳುವುದು ಇನ್‌ಕಮ್ ಟ್ಯಾಕ್ಸಿನಲ್ಲಿ.

ಅದು ಹೀಗೆ. ಸ್ಟ್ಯಾಂಪಿಗೆ ಹಿಡಿದ ಬೆಲೆ ನೀವು ಕೊಟ್ಟ ಬೆಲೆಗಿಂತ 10%ಕ್ಕೂ ಜಾಸ್ತಿ ಇದ್ದು, ವ್ಯತ್ಯಾಸ 50,000 ದಾಟಿದರೆ, ಆ ಇಡೀ ವ್ಯತ್ಯಾಸ ಕೊಂಡವರ ಆದಾಯಕ್ಕೆ ಸೇರುತ್ತದೆ. ಕೈಗೆ ಒಂದು ರೂಪಾಯಿ ಬಂದಿಲ್ಲ, ಆದರೂ 7 ಲಕ್ಷ ಆದಾಯ! 20% ಸ್ಲ್ಯಾಬಿನಲ್ಲಿ ಇದ್ದವನಿಗೆ 1.40 ಲಕ್ಷ ತೆರಿಗೆ. ಮಾರಿದವರಿಗೂ ಬಿಡುವುದಿಲ್ಲ, ಅವರ ಲಾಭದ ಲೆಕ್ಕ 17 ಲಕ್ಷದ ಬದಲು 24 ಲಕ್ಷದಿಂದ ಶುರುವಾಗುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಇವು 50ಸಿ ಮತ್ತು 56(2)(ಎಕ್ಸ್) ಕಲಂಗಳು. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಬಂದು ಕಲಂ ನಂಬರ್ ಬದಲಾಗಿದೆ. ಹಳ್ಳಿ ಕಡೆಯ ಹೊಲದ ತೆರಿಗೆ ಲೆಕ್ಕವೇ ಬೇರೆ, ಅದನ್ನು ಇದರ ಜೊತೆ ಕಲಸಬೇಡಿ.

ಹಾಗಾಗಿ ನನ್ನ ಲೆಕ್ಕ ಇಷ್ಟು: ವ್ಯತ್ಯಾಸ 10%ದೊಳಗೆ ಇದ್ದರೆ ತಕರಾರು ಬೇಡ, ತುಂಬಿಬಿಡಿ. 10% ದಾಟಿದ್ದರೆ, ಅದಕ್ಕೆ ಕಾರಣ ಕಣ್ಣಿಗೆ ಕಾಣುವಂಥದ್ದಾಗಿದ್ದರೆ ಮುಂದೆ ಓದಿ. ಬ್ಯಾಂಕ್ ಲೋನಿನಲ್ಲಿ ಕೊಳ್ಳುತ್ತಿದ್ದರೆ ಎರಡು ಸಲ ಯೋಚನೆ ಮಾಡಿ, ಯಾಕೆ ಅಂತ ಮುಂದೆ ಬರುತ್ತದೆ.

ಈ ದರ ಎಲ್ಲಿಂದ ಬರುತ್ತದೆ

ಕಲಂ 45-ಬಿ ಪ್ರಕಾರ ರಾಜ್ಯಕ್ಕೆ ಒಂದು ಕೇಂದ್ರ ಮೌಲ್ಯಮಾಪನ ಸಮಿತಿ ಇದೆ. ನೋಂದಣಿ ಮಹಾಪರಿವೀಕ್ಷಕರೂ ಮುದ್ರಾಂಕ ಆಯುಕ್ತರೂ ಆಗಿರುವ ಅಧಿಕಾರಿ ಅದರ ಅಧ್ಯಕ್ಷರು. ಕೆಳಗೆ ಉಪಸಮಿತಿಗಳು ಇರುತ್ತವೆ. ಅವು ಊರು, ಬಡಾವಣೆ, ರಸ್ತೆ ಪ್ರಕಾರ ಕರಡು ದರ ಮಾಡುತ್ತವೆ, ಜನರ ಆಕ್ಷೇಪಣೆ ಕೇಳುತ್ತವೆ, ಆಮೇಲೆ ದರ ಅಂತಿಮ ಆಗುತ್ತದೆ. ರಾಜ್ಯದಾದ್ಯಂತ ದೊಡ್ಡ ಪರಿಷ್ಕರಣೆ ಜಾರಿಗೆ ಬಂದದ್ದು 2023ರ ಅಕ್ಟೋಬರ್ 1ರಂದು.

ಆಕ್ಷೇಪಣೆ ಕರೆದಾಗ ಎಷ್ಟು ಜನ ಹೋಗುತ್ತಾರೆ? ನಾನಂತೂ ಹೋಗಿಲ್ಲ. ನೋಟಿಸು ಬೋರ್ಡಿಗೆ ಹಚ್ಚಿರುತ್ತಾರೆ, ಪೇಪರಿನಲ್ಲಿ ಸಣ್ಣದಾಗಿ ಬರುತ್ತದೆ, ಸಿಗುವುದು ಬರೀ ಹದಿನೈದು ದಿನದಷ್ಟು ಸಮಯ. ಆದರೆ ಇಡೀ ಓಣಿಯ ದರ ತಪ್ಪಿದ್ದರೆ ಅದೇ ಸರಿಯಾದ ಹೊತ್ತು. ಒಬ್ಬರೇ ಅರ್ಜಿ ಕೊಡುವುದಕ್ಕಿಂತ ಓಣಿಯ ಹತ್ತು ಮನೆಯವರು ಸಹಿ ಹಾಕಿ, ಪಕ್ಕದ ಬಡಾವಣೆಯ ದರದ ಜೊತೆ ಹೋಲಿಸಿ, ರಸ್ತೆ ಅಗಲ ಬರೆದು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕೊಡಿ. ಇನ್‌ವರ್ಡ್ ನಂಬರ್ ತಗೊಳ್ಳಿ. ಮುಂದೆ ಹೈಕೋರ್ಟಿಗೆ ಹೋಗುವ ಪ್ರಸಂಗ ಬಂದರೆ "ನಾವು ಅವತ್ತೇ ಹೇಳಿದ್ದೆವು" ಅನ್ನಲು ಆ ಒಂದು ಕಾಗದ ಬೇಕಾಗುತ್ತದೆ.

ಇಲ್ಲಿ ಒಂದು ತಮಾಷೆಯೂ ಇದೆ. ಕೊಳ್ಳುವವರಿಗೆ ದರ ಕಡಿಮೆ ಇರಬೇಕು, ಹೊಲ ಕಳೆದುಕೊಳ್ಳುವ ರೈತನಿಗೆ ಜಾಸ್ತಿ ಇರಬೇಕು. 2013ರ ಭೂಸ್ವಾಧೀನ ಕಾಯ್ದೆಯ 26ನೇ ಕಲಂ ಪ್ರಕಾರ ಸ್ಟ್ಯಾಂಪ್ ಕಾಯ್ದೆಯ ದರ, ಸುತ್ತಲಿನ ಖರೀದಿ ಪತ್ರಗಳ ಸರಾಸರಿ, ಒಪ್ಪಿದ ಪರಿಹಾರ ಇವುಗಳಲ್ಲಿ ಯಾವುದು ಜಾಸ್ತಿಯೋ ಅದನ್ನು ಹಿಡಿಯುತ್ತಾರೆ. ಧಾರವಾಡ–ಕಿತ್ತೂರು–ಬೆಳಗಾವಿ ರೈಲು ಮಾರ್ಗದಂಥ ಕೆಲಸಕ್ಕೆ ಜಮೀನು ಹೋಗುವ ಕಡೆ ರೈತರು ಸರ್ಕಾರಿ ದರ ಕಡಿಮೆ ಆಯಿತು ಅಂತ ಜಗಳಾಡಿದರೆ ತಪ್ಪೇನಿಲ್ಲ. ಹಾಗಾಗಿ ಹಳ್ಳಿಯಲ್ಲಿ ಇಡೀ ಸರ್ವೆ ನಂಬರಿನ ದರ ಇಳಿಸಿ ಅಂತ ಅರ್ಜಿ ಕೊಡುವ ಮುಂಚೆ ಬಾಂದಿನ ಆಚೆಗಿನವರನ್ನು ಒಂದು ಮಾತು ಕೇಳಿ. ನಿಮ್ಮ ಒಂದು ಪ್ಲಾಟಿಗೆ ಮಾತ್ರ 45-ಎ ಅಡಿ ಕೇಳಿದರೆ ಯಾರಿಗೂ ತೊಂದರೆ ಇಲ್ಲ.

ಸಬ್ ರಿಜಿಸ್ಟ್ರಾರ್ ಮುಂದೆ

ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶ ಸರ್ಕಾರಿ ದರ ಹಿಡಿದೇ ಶುಲ್ಕ ತೋರಿಸುತ್ತದೆ. ಅದನ್ನು ನೋಡಿ ತುಂಬಿಬಿಟ್ಟರೆ ಕಥೆ ಮುಗಿಯಿತು. ಹಾಗಾಗಿ ತುಂಬುವ ಮೊದಲು ಲೆಕ್ಕವನ್ನು ಬಿಡಿಸಿ ನೋಡಿ. ಅರ್ಧದಷ್ಟು ಜಗಳ ಇಲ್ಲೇ ಮುಗಿಯಬಹುದು, ಯಾಕೆಂದರೆ ಕೆಲವು ಸಲ ದರ ಸರಿ ಇರುತ್ತದೆ, ಹಿಡಿದ ಸಾಲು ತಪ್ಪಿರುತ್ತದೆ. ವಾಸದ ಪ್ಲಾಟಿಗೆ ವಾಣಿಜ್ಯದ ದರ, ಒಳ ಓಣಿಗೆ ಮೇನ್ ರೋಡಿನ ದರ, ಒಂದು ಕಡೆ ಮಾತ್ರ ರಸ್ತೆ ಇದ್ದರೂ ಕಾರ್ನರ್ ಪ್ಲಾಟಿನ ಹೆಚ್ಚುವರಿ. ಎನ್‌ಎ (ಕೃಷಿಯೇತರ) ಆಗದ ಜಮೀನಿಗೆ ಎನ್‌ಎ ದರ ಹಿಡಿದದ್ದನ್ನೂ ನೋಡಿದ್ದೇನೆ. ಪಟ್ಟಿಯ ಕೊನೆಯಲ್ಲಿ ವಿಶೇಷ ಸೂಚನೆಗಳು ಅಂತ ಇರುತ್ತವೆ, ಯಾವುದಕ್ಕೆ ಎಷ್ಟು ಶೇಕಡಾ ಕೂಡಿಸಬೇಕು ಅಂತ ಅಲ್ಲೇ ಬರೆದಿರುತ್ತದೆ. ಯಾರೂ ಓದುವುದಿಲ್ಲ, ನೀವು ಓದಿ. ಇಂಥ ತಪ್ಪಿಗೆ ಉತಾರ, ಪ್ರಾಪರ್ಟಿ ಕಾರ್ಡು, ಲೇಔಟ್ ನಕ್ಷೆ ತೋರಿಸಿದರೆ ಸಾಕು.

ಕಟ್ಟಡ ಇದ್ದರೆ ಇನ್ನೊಂದು ನೋಡಬೇಕು. ಹಳೇ ಹುಬ್ಬಳ್ಳಿ ಕಡೆಯೋ ಗದಗಿನ ಹಳೇ ಓಣಿಗಳಲ್ಲೋ ಮಣ್ಣಿನ ಗೋಡೆ, ಜಂತಿ, ಮೇಲ್ಮುದ್ದಿ ಇರುವ ಮನೆಗಳು ಇನ್ನೂ ಇವೆ ಅಲ್ವಾ. ಅದನ್ನು ಆರ್‌ಸಿಸಿ ಮನೆ ಅಂತ ಲೆಕ್ಕ ಹಾಕಿದರೆ ಬೆಲೆ ಎಲ್ಲಿಗೋ ಹೋಗುತ್ತದೆ. ಮನೆಯ ವಯಸ್ಸು, ಗೋಡೆ ಯಾವುದರದ್ದು, ಮೇಲ್ಛಾವಣಿ ಯಾವುದು ಅಂತ ಖರೀದಿ ಪತ್ರದಲ್ಲೇ ಬರೆಸಿ, ಹಳೇ ಮನೆಗೆ ಸವಕಳಿ ಕಳೆಯಿರಿ ಅಂತ ಕೇಳಿ.

ಸಾಲು ಸರಿ ಇದ್ದು ದರವೇ ಜಾಸ್ತಿ ಅನ್ನಿಸಿದರೆ ಆಗ ಒಂದು ಪುಟದ ಅರ್ಜಿ ಬರೆಯಿರಿ. ನಾವು ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು: "ಸದರಿ ಪ್ಲಾಟಿಗೆ ಪೂರ್ತಿ ಪ್ರತಿಫಲ 17,00,000 ರೂಪಾಯಿಗಳನ್ನು ಬ್ಯಾಂಕ್ ಮೂಲಕ ಕೊಡಲಾಗಿದೆ. ಪ್ಲಾಟಿನ ಮುಂದಿನ ರಸ್ತೆ 12 ಅಡಿಗಿಂತ ಕಡಿಮೆ ಇದ್ದು, ಹಿಂಬದಿ ನಾಲಾ ಇರುತ್ತದೆ. ಮಾರ್ಗಸೂಚಿ ದರದಲ್ಲಿ ಇದು ಗಣನೆಗೆ ಬಂದಿರುವುದಿಲ್ಲ. ತಾವು ಅಂದಾಜಿಸಿದ ಬೆಲೆಯನ್ನು ನಾವು ಒಪ್ಪುವುದಿಲ್ಲ. ಕಲಂ 45-ಎ(1)ರ ಅಡಿ ಮಾರುಕಟ್ಟೆ ಮೌಲ್ಯ ನಿರ್ಧಾರಕ್ಕಾಗಿ ಕಳುಹಿಸಿಕೊಡಬೇಕು." ಕೊನೆಯ ವಾಕ್ಯವೇ ಮುಖ್ಯ. "ದರ ಕಡಿಮೆ ಮಾಡಿಕೊಡಿ" ಅಂತ ಮಾತ್ರ ಬರೆದರೆ "ನಮಗೆ ಅಧಿಕಾರ ಇಲ್ಲ" ಅಂತ ವಾಪಸ್ ಕೊಡುತ್ತಾರೆ. ಅವರು ಹೇಳುವುದೂ ಸರಿ, ಇಳಿಸುವ ಅಧಿಕಾರ ಅವರಿಗಿಲ್ಲ. ನೀವು ಒಪ್ಪದಿದ್ದರೆ ಪತ್ರವನ್ನು ಮೇಲಿನವರಿಗೆ ಕಳಿಸುವ ಕೆಲಸ ಮಾತ್ರ ಅವರದ್ದು.

ನಮಗೆ ಮೊದಲ ದಿನ ಅರ್ಜಿಯನ್ನೇ ತಗೊಳ್ಳಲಿಲ್ಲ. "ಇಂಥಾವು ನಮ್ಮಲ್ಲಿ ಬರೂದಿಲ್ರೀ" ಅಂದರು. ಮರುದಿನ ವಕೀಲರು ಜೊತೆಗೆ ಬಂದರು, ಎರಡು ಪ್ರತಿ ಇಟ್ಟು, ಒಂದರ ಮೇಲೆ ಸೀಲು ಸಹಿ ಕೇಳಿದರು, ಕೊಟ್ಟರು. ತಗೊಳ್ಳದೇ ಹೋದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಖರೀದಿ ಪತ್ರಕ್ಕೆ ಸಹಿಯಾದ ದಿನದಿಂದ ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು ಅನ್ನುವುದು ಮಾತ್ರ ನೆನಪಿರಲಿ, ಜಗಳದಲ್ಲಿ ಅದು ಮೀರಬಾರದು.

ಈಗ ಲೋನಿನ ವಿಷಯ. ನಮ್ಮ ರಾಜ್ಯದಲ್ಲಿ 45-ಎಗೆ ಕಳಿಸಿದರೆ ನೋಂದಣಿ ಪೆಂಡಿಂಗ್ ಉಳಿಯುತ್ತದೆ. ಆಮೇಲೆ ನೋಂದಣಿಯಾದರೂ 1908ರ ನೋಂದಣಿ ಕಾಯ್ದೆಯ 47ನೇ ಕಲಂ ಪ್ರಕಾರ ಪತ್ರ ಬರೆದ ದಿನದಿಂದಲೇ ಲೆಕ್ಕ, ಹಾಗಾಗಿ ಹಕ್ಕಿನ ಬಗ್ಗೆ ಅಷ್ಟು ಚಿಂತೆ ಬೇಡ. ಆದರೆ ಬ್ಯಾಂಕಿನವರು ಸಾಮಾನ್ಯವಾಗಿ ನೋಂದಣಿ ಪೆಂಡಿಂಗ್ ಇದ್ದರೆ ದುಡ್ಡು ಬಿಡುವುದಿಲ್ಲ, ದುಡ್ಡು ಬರದೆ ಮಾರುವವರು ಸಹಿಗೆ ಬರುವುದಿಲ್ಲ. ಲೋನಿದ್ದವರಿಗೆ ಸರ್ಕಾರಿ ದರಕ್ಕೇ ತುಂಬಿ, ಜಗಳವನ್ನು ತೆರಿಗೆ ಕಡೆ ಮಾಡುವುದೇ ವಾಸಿ. ಅಲ್ಲಿ ಮಾರಿದವರೂ ಕೊಂಡವರೂ "ಇದು ಮಾರುಕಟ್ಟೆ ಬೆಲೆಗಿಂತ ಜಾಸ್ತಿ, ವ್ಯಾಲ್ಯುಯೇಶನ್ ಆಫೀಸರ್‌ಗೆ ಕಳಿಸಿ" ಅಂತ ಕೇಳಬಹುದು. ಅದಕ್ಕೆ ಷರತ್ತು ಒಂದಿದೆ: ಅದೇ ಬೆಲೆಯನ್ನು ಸ್ಟ್ಯಾಂಪಿನ ಕಡೆ ಮೇಲ್ಮನವಿಯಲ್ಲಿ ಪ್ರಶ್ನಿಸಿರಬಾರದು. ಎರಡೂ ದೋಣಿಯಲ್ಲಿ ಕಾಲಿಡಲು ಬರುವುದಿಲ್ಲ. ಯಾವ ದಾರಿ ಅಂತ ವಕೀಲರನ್ನೂ ಸಿಎಯನ್ನೂ ಒಂದೇ ಟೇಬಲ್ಲಿಗೆ ಕೂರಿಸಿ ಮೊದಲೇ ತೀರ್ಮಾನಿಸಿ. ನಮ್ಮಲ್ಲಿ ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಅದೇ ತೊಂದರೆ.

ಜಿಲ್ಲಾ ನೋಂದಣಾಧಿಕಾರಿ ಮುಂದೆ

ಕಾಯ್ದೆಯಲ್ಲಿ ಡೆಪ್ಯುಟಿ ಕಮಿಷನರ್ ಅಂತ ಇದ್ದದ್ದನ್ನು ಓದಿ ಡಿಸಿ ಆಫೀಸಿಗೆ ಹೋಗಬೇಡಿ. ಈ ಕೆಲಸ ನೋಡುವುದು ಜಿಲ್ಲಾ ನೋಂದಣಾಧಿಕಾರಿ. ಅವರು ನೋಟಿಸು ಕೊಟ್ಟು, ನಿಮ್ಮ ಮಾತು ಕೇಳಿ, ವಿಚಾರಣೆ ಮಾಡಿ ಬೆಲೆ ನಿರ್ಧರಿಸಬೇಕು. ಹೇಗೆ ನಿರ್ಧರಿಸಬೇಕು ಅನ್ನುವುದಕ್ಕೆ 1977ರ ನಿಯಮಗಳಿವೆ. ಜಮೀನಾದರೆ ಮಣ್ಣಿನ ವರ್ಗ, ಕಂದಾಯ, ಬೆಳೆ, ರಸ್ತೆ ಮತ್ತು ಪೇಟೆಯಿಂದ ದೂರ. ಪ್ಲಾಟಾದರೆ ಸುತ್ತಲಿನ ಬೆಲೆ, ರಸ್ತೆ, ಸೌಕರ್ಯ. ಕಟ್ಟಡವಾದರೆ ಕಟ್ಟಿದ ಖರ್ಚು, ಸವಕಳಿ, ಬಾಡಿಗೆ. ಎರೆ ಹೊಲಕ್ಕೂ ಮಸಾರಿ ಹೊಲಕ್ಕೂ ಒಂದೇ ದರ ಹಚ್ಚಿದ್ದರೆ ಮಾತು ಇಲ್ಲಿಂದಲೇ ಶುರು ಮಾಡಿ.

ಪುರಾವೆ ಕೂಡಿಸುವುದರಲ್ಲೇ ಗೆಲುವು ಸೋಲು ಇರುವುದು. ವಕೀಲರ ಮಾತಿಗಿಂತ ನಮಗೆ ಕೆಲಸಕ್ಕೆ ಬಂದದ್ದು ಮೂರು ಕಾಗದ. ಒಂದು, ಅದೇ ಓಣಿಯ ಎರಡು ಖರೀದಿ ಪತ್ರಗಳ ದೃಢೀಕೃತ ನಕಲು. ಬಡಾವಣೆ ಒಂದೇ ಇದ್ದರೆ ಸಾಲದು, ಓಣಿಯೂ ಅದೇ ಆಗಿರಬೇಕು, ತಾರೀಖೂ ಹತ್ತಿರದ್ದಾಗಿರಬೇಕು. ಎರಡು, ಲೈಸೆನ್ಸ್ ಇರುವ ಸರ್ವೇಯರ್ ಮಾಡಿದ ಸ್ಕೆಚ್ಚು. ರಸ್ತೆಯ ಅಗಲವನ್ನು ಮೂರು ಕಡೆ ಅಳೆದು ಬರೆದಿದ್ದ, ಎಲ್ಲಕ್ಕಿಂತ ಕಿರಿದಾದ ಜಾಗದಲ್ಲಿ 11 ಅಡಿ 8 ಇಂಚು, ನಾಲಾದ ಅಂಚಿನಿಂದ ಪ್ಲಾಟಿನ ಗಡಿಗೆ ಎಷ್ಟು ಅಂತಲೂ ತೋರಿಸಿದ್ದ. ಮೂರು, ನೋಂದಾಯಿತ ವ್ಯಾಲ್ಯೂವರ್ ವರದಿ. ಅದಕ್ಕೆ ಖರ್ಚಾಗುತ್ತದೆ, ಆದರೆ ಇದೇ ವರದಿ ಮುಂದೆ ತೆರಿಗೆಯವರ ಮುಂದೆಯೂ ನಡೆಯುತ್ತದೆ.

ಇವುಗಳ ಜೊತೆ ಬ್ಯಾಂಕ್ ಸ್ಟೇಟ್‌ಮೆಂಟು ಇಡಿ. ಪ್ಲಾಟಿನ ಮೇಲೆ ಹೈಟೆನ್ಷನ್ ಲೈನ್ ಹೋಗಿದ್ದರೆ, ಬಾಡಿಗೆದಾರ ಬಿಡದೆ ಕೂತಿದ್ದರೆ, ಅಣ್ಣತಮ್ಮಂದಿರ ವಾಟ್ನಿ (ಆಸ್ತಿ ಪಾಲು) ಕೇಸು ಕೋರ್ಟಿನಲ್ಲಿ ಇದ್ದರೆ ಅದರ ಕಾಗದವನ್ನೂ ಇಡಿ. ಮಳೆಗಾಲದಲ್ಲಿ ಓಣಿಗೆ ನೀರು ನುಗ್ಗಿದ ಫೋಟೋ ಇದ್ದರಂತೂ ಬಿಡಲೇಬೇಡಿ, ನಮ್ಮ ತಮ್ಮ ಪಕ್ಕದ ಮನೆಯ ಅಜ್ಜಿಯ ಮೊಮ್ಮಗನ ಮೊಬೈಲಿನಿಂದ ಅಂಥ ನಾಲ್ಕು ಫೋಟೋ ತಂದಿದ್ದ. ಸ್ಥಳ ನೋಡಲು ಬನ್ನಿ ಅಂತ ಬರೆದುಕೊಡಿ. ಬರುವ ದಿನ ನಮಗೆ ತಿಳಿಸಿ, ನಾವು ಇರುವಾಗಲೇ ನೋಡಿ ಅಂತಲೂ ಬರೆಯಿರಿ.

ಕೋರ್ಟುಗಳು ಈ ವಿಷಯದಲ್ಲಿ ಏನು ಹೇಳಿವೆ ಅನ್ನುವುದನ್ನು ಅರ್ಜಿಯಲ್ಲಿ ಎರಡು ಸಾಲು ಸೇರಿಸಿದರೆ ತೂಕ ಬರುತ್ತದೆ. ಸರ್ಕಾರಿ ದರ ಮೇಲ್ನೋಟದ ಅಂದಾಜು ಮಾತ್ರ, ಅದೇ ಕೊನೆಯ ಮಾತಲ್ಲ ಅಂತ ಸುಪ್ರೀಂ ಕೋರ್ಟು ಪಂಜಾಬ್ ಸರ್ಕಾರ ಮತ್ತು ಮೊಹಬೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. 1999ರ ರಮೇಶ್ ಚಂದ್ ಬನ್ಸಲ್ ತೀರ್ಪಿನಲ್ಲೂ ಅದೇ ಮಾತಿದೆ. ನನಗೆ ಹೆಚ್ಚು ಉಪಯೋಗ ಅನ್ನಿಸುವುದು 2012ರ ಅಂಬರೀಶ್ ಟಂಡನ್ ಪ್ರಕರಣ. ಲಖನೌದ ಒಂದು ಆಸ್ತಿ, ಕೊಂಡಾಗ ವಾಸಕ್ಕೆ ಇದ್ದದ್ದು, ಮುಂದೆ ವಾಣಿಜ್ಯಕ್ಕೆ ಬಳಸಿದರು ಅಂತ ಜಾಸ್ತಿ ಡ್ಯೂಟಿ ಕೇಳಿದ್ದರು. ಕೊಂಡ ದಿನ ಹೇಗಿತ್ತೋ ಅದೇ ಲೆಕ್ಕ ಅಂತ ಕೋರ್ಟು ಹೇಳಿತು. ಗೋಕುಲ ರೋಡಿನಂಥ ಕಡೆ "ಮುಂದೆ ಇಲ್ಲಿ ಕಾಂಪ್ಲೆಕ್ಸ್ ಆಗ್ತದ" ಅಂತ ವಾಣಿಜ್ಯ ದರ ಹಚ್ಚಿದರೆ ಇದನ್ನೇ ಮುಂದಿಡಿ. ಕೋರ್ಟು ಹರಾಜಿನಲ್ಲಿ ಕೊಂಡವರಿಗೆ 2022ರ ಎಎಸ್‌ಎಲ್ ವ್ಯಾಪಾರ್ ತೀರ್ಪು ಇದೆ: ಕೋರ್ಟು ಹರಾಜಿನಲ್ಲಿ ಬಂದ ಬೆಲೆಯೇ ಮಾರುಕಟ್ಟೆ ಬೆಲೆ.

ಆದೇಶ ಬಂದ ಮೇಲೆ

ಆದೇಶ ಕೈಗೆ ಬಂದ ದಿನ ಲಕೋಟೆಯ ಮೇಲೆ ತಾರೀಖು ಬರೆದಿಡಿ. ಒಪ್ಪಿಗೆಯಿಲ್ಲದಿದ್ದರೆ ಮೇಲ್ಮನವಿ ಇದೆ, ಯಾರ ಮುಂದೆ, ಎಷ್ಟು ದಿನದಲ್ಲಿ ಅನ್ನುವುದು ಆದೇಶದ ಕೊನೆಯಲ್ಲಿ ನೋಡಿ, ಬರೆದಿರದಿದ್ದರೆ ಅವತ್ತೇ ಕೇಳಿ. ಆದೇಶದಲ್ಲಿ ಕಾರಣ ಬರೆದಿದ್ದಾರಾ ಅನ್ನುವುದನ್ನು ಮೊದಲು ನೋಡಬೇಕು. "ಮಾರ್ಗಸೂಚಿ ದರದಂತೆ ಸರಿ ಇದೆ" ಅಂತ ಒಂದೇ ಸಾಲಿದ್ದು, ನೀವು ಕೊಟ್ಟ ಸ್ಕೆಚ್ಚಿನ ಬಗ್ಗೆ ಮಾತೇ ಇಲ್ಲದಿದ್ದರೆ ಮೇಲ್ಮನವಿಗೆ ಅದಕ್ಕಿಂತ ಒಳ್ಳೆಯ ಕಾರಣ ಬೇಡ.

ಹೈಕೋರ್ಟಿಗೆ ಸೀದಾ ಹೋಗೋಣ ಅನ್ನುವವರು ನಮ್ಮ ಕಡೆ ಜಾಸ್ತಿ. ಪೀಠ ಧಾರವಾಡಕ್ಕೆ 2008ರಲ್ಲಿ ಬಂತು, 2013ರಲ್ಲಿ ಕಾಯಂ ಆಯಿತು, ಗದಗ ಹಾವೇರಿಯವರೂ ಇಲ್ಲಿಗೇ ಬರುತ್ತಾರೆ. ಹತ್ತಿರ ಇದೆ ಅಂತ ರಿಟ್ (ಹೈಕೋರ್ಟಿಗೆ ನೇರ ಅರ್ಜಿ) ಹಾಕಿದರೆ "ಮೇಲ್ಮನವಿ ಬಿಟ್ಟು ಯಾಕೆ ಬಂದಿರಿ" ಅಂತ ಕೇಳುವ ಸಂಭವವೇ ಹೆಚ್ಚು. ನೋಟಿಸೇ ಕೊಡದೆ ಆದೇಶ ಮಾಡಿದ್ದರೆ, ಸಬ್ ರಿಜಿಸ್ಟ್ರಾರ್ ಪತ್ರವನ್ನು ಮೇಲೆ ಕಳಿಸದೆ ಸುಮ್ನೆ ಇಟ್ಟುಕೊಂಡು ಕೂತಿದ್ದರೆ, ಇಲ್ಲವೇ ಆಕ್ಷೇಪಣೆ ಕೇಳದೆಯೇ ದರ ಏರಿಸಿದ್ದರೆ ರಿಟ್‌ಗೆ ಅರ್ಥ ಇದೆ.

ಇನ್ನೊಂದು ಎಚ್ಚರ. ಸರ್ಕಾರಿ ದರಕ್ಕೆ ತುಂಬಿ ನೋಂದಣಿ ಮಾಡಿಸಿಕೊಂಡವರಿಗೂ ನೋಟಿಸು ಬರಬಹುದು. ನೋಂದಣಿಯಾಗಿ ಎರಡು ವರ್ಷದೊಳಗೆ ಜಿಲ್ಲಾ ನೋಂದಣಾಧಿಕಾರಿ ತಾವಾಗಿಯೇ ಪತ್ರ ತರಿಸಿ ಬೆಲೆ ಕಡಿಮೆ ತೋರಿಸಿದ್ದಾರೆ ಅಂತ ಕೇಳಬಹುದು. ಅಂಥ ನೋಟಿಸು ಬಂದರೆ ಹೆದರಿ ಏಜೆಂಟರ ಕೈಗೆ ಕೊಡಬೇಡಿ. ಉತ್ತರ ಬರೆಯುವ ರೀತಿ ಮೇಲೆ ಹೇಳಿದ್ದೇ, ಪುರಾವೆಯೂ ಅದೇ. ಉತ್ತರ ಕೊಡದೆ ಬಿಟ್ಟರೆ ಮಾತ್ರ ಅವರು ಹೇಳಿದ್ದೇ ಬೆಲೆ.

ತಮ್ಮನ ಆದೇಶ ಯುಗಾದಿ ಹತ್ತಿರ ಬಂತು. 17 ಲಕ್ಷ ಒಪ್ಪಲಿಲ್ಲ, 18.50 ಲಕ್ಷ ಅಂತ ಮಾಡಿದರು. ಮೇಲ್ಮನವಿ ಹಾಕಬೇಕೋ ಬೇಡವೋ ಅಂತ ರಾತ್ರಿ ಎಲ್ಲ ಕೂತು ಲೆಕ್ಕ ಹಾಕಿದೆವು. 17 ಲಕ್ಷದ 10% ಅಂದರೆ 1.70 ಲಕ್ಷ, ಅಂದರೆ 18.70ರ ತನಕ ಆದಾಯ ತೆರಿಗೆಯ ತಂಟೆ ಇಲ್ಲ, ಅವನಿಗೂ ಇಲ್ಲ, ಮಾರಿದವರಿಗೂ ಇಲ್ಲ. ಹೆಚ್ಚಿಗೆ ಬೀಳುವುದು 1.50 ಲಕ್ಷದ ಮೇಲಿನ 7.6%, 11,400 ರೂಪಾಯಿ. ವಕೀಲರು ಮೇಲ್ಮನವಿಗೆ ತಯಾರಿದ್ದರು. ಆದರೆ ನಮ್ಮ ತಮ್ಮ ಚಲನ್ ತುಂಬಿ ಬಂದ, ಮಾರಿದವರಿಗೆ ಆದೇಶದ ಒಂದು ಝೆರಾಕ್ಸ್ ಕೊಟ್ಟ, ಇನ್ನೊಂದನ್ನು ಸಿಎ ಫೈಲಿಗೆ ಹಾಕಿಸಿದ.